ಸಂಜೀವಿನಿ ತಂಗಿಯೂ ಉಕ್ಕಿನಸೂಜಿ ಅಣ್ಣನೂ

ನಾನು ಯಾವ ಕೆಲಸವನ್ನೇ ಕೈಗೆತ್ತಿಕೊಳ್ಳಲಿ, ಶಿಸ್ತಿನಿಂದ ಮಾಡುವವನು. ಜೀವಮಾನವಿಡೀ ಮಕ್ಕಳಿಗೆ ಸಂಧಿ, ಸಮಾಸ ಕಲಿಸಿದವನಿಗೆ ಒಂದು ಆಟ ಆಡುವುದು ಯಾವ ಮಹಾ ವಿಷಯ? ಆದ್ದರಿಂದ ಅಂದು ಬೆಳಿಗ್ಗೆ ತಿಂಡಿಯ ತಟ್ಟೆಯ ಮುಂದೆ ಕುಳಿತು, ಗಂಟಲು ಸರಿಮಾಡಿಕೊಂಡು, ಘೋಷಿಸಿಯೇಬಿಟ್ಟೆ:

"ನೋಡು, ನಾನೊಂದು ಒಳ್ಳೇ ಗಿಲ್ಡ್ ಸೇರ್ತೀನಿ. ಹೊತ್ತಿಗೆ ಸರಿಯಾಗಿ ಆಡ್ತೀನಿ, ಹೊತ್ತಿಗೆ ಸರಿಯಾಗಿ ನಿಲ್ಲಿಸ್ತೀನಿ. ಆಟಾನೂ ನಡೀಬೇಕು, ಮನೇನೂ ನಡೀಬೇಕು. ಸಮತೋಲನ ಅಂದ್ರೆ ಏನು ಅಂತ ಜಗತ್ತಿಗೇ ತೋರಿಸಿಕೊಡ್ತೀನಿ!"

ನನ್ನ ಹೆಂಡತಿ ತಲೆ ಎತ್ತದೆ ಹೇಳಿದಳು:

"ಜಗತ್ತಿಗೆ ಆಮೇಲೆ ತೋರಿಸಿ. ಮೊದಲು ಬಚ್ಚಲಮನೆ ದೀಪ ಆರಿಸಿ ಬನ್ನಿ. ಬೆಳಗಿನಿಂದ ಉರೀತಾ ಇದೆ."

ಮಹತ್ಕಾರ್ಯಗಳ ಆರಂಭದಲ್ಲಿ ಇಂಥ ವಿಘ್ನಗಳು ಇದ್ದದ್ದೇ. ದೀಪ ಆರಿಸಿ ಬಂದೆ.

ಗಿಲ್ಡ್ ಎಂದರೇನೆಂದು ತಿಳಿಯದವರು ನಾಚಿಕೊಳ್ಳಬೇಕಾಗಿಲ್ಲ; ನನಗೂ ತಿಳಿದಿರಲಿಲ್ಲ. ನಾನು ನಿವೃತ್ತನಾದ ದಿನ ಹಳೆಯ ವಿದ್ಯಾರ್ಥಿಗಳು ಸೇರಿ ನನಗೊಂದು ಟ್ಯಾಬ್ ಕೊಟ್ಟಿದ್ದರು, "ಪೇಪರ್ ಓದೋಕೆ ಚೆನ್ನಾಗಿರುತ್ತೆ ಸಾರ್" ಎಂದು. ಒಂದು ದಿನ ಓದುತ್ತಿದ್ದಾಗ ಸುದ್ದಿಯ ನಟ್ಟನಡುವೆ ಒಂದು ಕೋಟೆ ಎದ್ದು ನಿಂತಿತು. ಜಾಹೀರಾತು! ಮುಚ್ಚೋಣವೆಂದು ಮೂಲೆಯಲ್ಲಿದ್ದ ಗುಣಾಕಾರದ ಚಿಹ್ನೆಯನ್ನು ಒತ್ತಿದೆ. ಮುಚ್ಚುವ ಬದಲು ಕೋಟೆಯ ಬಾಗಿಲೇ ತೆರೆದುಕೊಂಡಿತು. ಒಳಗಿನಿಂದ ಒಬ್ಬ ಕಾವಲುಗಾರ ದಡಬಡಿಸಿ ಎದ್ದು, ಈಟಿ ತಗ್ಗಿಸಿ, "ಸ್ವಾಗತ, ವೀರರೇ!" ಎಂದ.

ಓದುಗರೇ, ಶಾಲೆ ಬಿಟ್ಟ ಮೇಲೆ ನಾನು ಹೋದಲ್ಲಿ ಯಾರೂ ಎದ್ದು ನಿಂತಿರಲಿಲ್ಲ. ಅಂಗಡಿಯವರು "ಏನು ಬೇಕು?" ಎನ್ನುತ್ತಿದ್ದರು. ಬಸ್ಸಿನವರು "ಒಳಗೆ ಹೋಗಿ" ಎನ್ನುತ್ತಿದ್ದರು. ವೀರರೇ ಎಂದವನು ಇವನೊಬ್ಬನೇ. ಹೀಗೆ ಕರೆದ ಮೇಲೂ ಒಳಗೆ ಹೋಗದಿರುವುದು ಸೌಜನ್ಯವೇ? ಹೋದೆ.

ಈ ಆಟದಲ್ಲಿ ಬೇರೆ ಬೇರೆ ಊರಿನ ಜನರು ತಮ್ಮ ತಮ್ಮ ಮನೆಯಲ್ಲೇ ಕುಳಿತು ಒಂದೇ ರಣರಂಗದಲ್ಲಿ ಹೋರಾಡುತ್ತಾರೆ. ಒಂಟಿಯಾಗಿ ಹೋದವನನ್ನು ದಾರಿಯಲ್ಲಿ ಸಿಕ್ಕ ಕಪ್ಪೆಯೂ ಹೊಡೆದು ಹಾಕುತ್ತದೆ. ಆದ್ದರಿಂದ ಎಲ್ಲರೂ ಒಂದೊಂದು ದಂಡು ಕಟ್ಟಿಕೊಂಡಿರುತ್ತಾರೆ. ಅದೇ ಗಿಲ್ಡ್. ಒಬ್ಬ ಕತ್ತಿ ಬೀಸುತ್ತಾನೆ, ಒಬ್ಬ ಬಾಣ ಬಿಡುತ್ತಾನೆ, ಒಬ್ಬ ಗಾಯಗೊಂಡವರಿಗೆ ಮದ್ದು ಕೊಡುತ್ತಾನೆ. ಹಿಂಸೆ ನನಗೆ ಒಗ್ಗದು. ಮದ್ದು ಕೊಡುವ ವೃತ್ತಿಯನ್ನು ಆರಿಸಿಕೊಂಡೆ. ಒಳ್ಳೆಯ ಹೆಸರುಗಳನ್ನೆಲ್ಲ ಯಾರಾರೋ ಆಗಲೇ ಇಟ್ಟುಕೊಂಡುಬಿಟ್ಟಿದ್ದರು. ಉಳಿದಿದ್ದವುಗಳಲ್ಲಿ ಅರ್ಥಪೂರ್ಣವಾದದ್ದು 'ಸಂಜೀವಿನಿ'. ಇಟ್ಟುಕೊಂಡೆ. ನನ್ನ ಗೊಂಬೆಗೆ ಮೊಣಕಾಲಿನವರೆಗೆ ಜಡೆ ಇತ್ತೆಂಬುದನ್ನು ಕನ್ನಡಕ ಬದಲಿಸಿದ ಮೇಲಷ್ಟೇ ಗಮನಿಸಿದೆ.

ಮೊದಲು ಸೇರಿದ ಗಿಲ್ಡಿನ ಹೆಸರು 'ನೆಮ್ಮದಿ ಬಳಗ'. ಹೆಸರಿಗೆ ತಕ್ಕಂತೆ ಬಹಳ ನೆಮ್ಮದಿಯವರು. ಯುದ್ಧದ ಕಹಳೆ ಊದಿದರೆ "ಇವತ್ತು ಬೇಡ, ಬೇಜಾರು" ಎಂದು ಬರೆಯುತ್ತಿದ್ದರು. ಕೋಟೆಗೆ ಬೆಂಕಿ ಬಿದ್ದರೆ ಸುತ್ತ ಕುಳಿತು ಹರಟೆ ಹೊಡೆಯುತ್ತಿದ್ದರು. ನಾನು ಅವರಿಗೆ ಸೋಮಾರಿತನದ ದುಷ್ಪರಿಣಾಮಗಳನ್ನು ಕುರಿತು ಉಪನ್ಯಾಸ ಬರೆಯತೊಡಗಿದೆ. ಮುಗಿಸಿ ತಲೆ ಎತ್ತುವಷ್ಟರಲ್ಲಿ ಗಿಲ್ಡಿನಲ್ಲಿ ನಾನೊಬ್ಬನೇ ಉಳಿದಿದ್ದೆ! ಉಳಿದವರೆಲ್ಲ ಬೇರೆ ಕಡೆಗೆ ಹೊರಟುಹೋಗಿ 'ನೆಮ್ಮದಿ ಬಳಗ ಹೊಸದು' ಎಂದು ಕಟ್ಟಿಕೊಂಡಿದ್ದರು.

ಎರಡನೆಯದು 'ವಜ್ರಮುಷ್ಟಿ'. ಅಬ್ಬಾ! ಅಲ್ಲಿ ಪ್ರವೇಶ ಪರೀಕ್ಷೆ, ಹಾಜರಿ, ವಾರವಾರವೂ ಅಂಕಪಟ್ಟಿ! ಮನಸ್ಸು ಅರಳಿತು. ನನ್ನವರು ಸಿಕ್ಕರೆಂದು ಸಂಭ್ರಮಪಟ್ಟೆ. ಮೊದಲ ಯುದ್ಧದಲ್ಲೇ ಅವರ ನಾಯಕನ ಕಾಲಿಗೆ ಬಾಣ ನೆಟ್ಟಿತು. ಮದ್ದು ಕೊಡುವ ಮುನ್ನ ಒಂದು ಮಾತು ಹೇಳಿ ಕೊಡುವುದು ಸಭ್ಯತೆಯಲ್ಲವೇ? "ಮಾನ್ಯರೇ, ತಮ್ಮ ಎಡಗಾಲಿಗೆ ಬಾಣ ನಾಟಿರುವುದನ್ನು ಗಮನಿಸಿ ವ್ಯಥೆಯಾಯಿತು. ಔಷಧಿಯನ್ನು ಕಳುಹಿಸುತ್ತಿದ್ದೇನೆ, ದಯವಿಟ್ಟು ಸ್ವೀಕರಿಸಿ" ಎಂದು ಟೈಪು ಮಾಡಿದೆ. ಪೂರ್ಣವಿರಾಮ ಹಾಕಿ ಕಣ್ಣೆತ್ತಿದರೆ ನಾಯಕ ಸತ್ತಿದ್ದ. ಅವನ ಜೊತೆಗೆ ಅರ್ಧ ಸೈನ್ಯವೂ!

"ಯಾರ್ರೀ ಈ ಸಂಜೀವಿನಿ? ತೆಗೆದು ಬಿಸಾಕಿ ಆಚೆ!" ಎಂಬ ಆಜ್ಞೆ ಹೊರಟಿತು. ಜೀವನದಲ್ಲಿ ಎಷ್ಟೋ ಮಕ್ಕಳನ್ನು ತರಗತಿಯಿಂದ ಹೊರಗೆ ನಿಲ್ಲಿಸಿದವನು ನಾನು. ಹೊರಗೆ ನಿಲ್ಲುವುದು ಹೇಗಿರುತ್ತದೆಂದು ಅಂದು ತಿಳಿಯಿತು. ಚೆನ್ನಾಗಿರುವುದಿಲ್ಲ.

"ಏನ್ರೀ, ಮುಖ ಸಪ್ಪಗಿದೆ?" ಎಂದಳು ಹೆಂಡತಿ.

"ವಜ್ರಮುಷ್ಟಿಯವರು ನನ್ನನ್ನ ಕೈಬಿಟ್ರು ಕಣೇ."

"ಮುಷ್ಟಿಯಲ್ಲಿ ಎಷ್ಟು ಹೊತ್ತು ಅಂತ ಇಟ್ಕೊಂಡಿರ್ತಾರೆ ಪಾಪ. ಕಾಫಿ ಕುಡೀರಿ."

ಕೊನೆಗೆ ಮೂರನೆಯ ಗಿಲ್ಡಿನ ಬಾಗಿಲು ತಟ್ಟಿದೆ. ಹೆಸರು 'ಸಂಜೆ ಪಡೆ'. ಸಣ್ಣ ದಂಡು, ದಿನಕ್ಕೆ ಒಂದೇ ಯುದ್ಧ, ಅದೂ ಸಂಜೆ ಕಾಫಿಯ ಹೊತ್ತಿಗೆ. ಸೇನಾಪತಿಯ ಹೆಸರು 'ಉಕ್ಕಿನಸೂಜಿ'. ನಿವೃತ್ತ ಸೈನಿಕರೇ ಇರಬೇಕೆಂದು ನನಗೆ ಆಗಲೇ ಅನ್ನಿಸಿತು. ಗಿಲ್ಡಿನ ಬಾಗಿಲಲ್ಲೇ ನಿಯಮ ಬರೆದಿತ್ತು: "ಮನೆಯಲ್ಲಿ ಕರೆದ್ರೆ ಆಟ ಬಿಟ್ಟು ಎದ್ದು ಹೋಗಿ. ಇಲ್ಲಿ ಯಾರೂ ಏನೂ ಅನ್ನಲ್ಲ."

ನನ್ನ ಅರ್ಜಿ ನೋಡಿ ಸೇನಾಪತಿ ಕೇಳಿದ್ದು ಒಂದೇ ಪ್ರಶ್ನೆ: "ಯಾಕಮ್ಮಾ, ಹಳೇ ಗಿಲ್ಡ್ ಬಿಟ್ಟೆ?"

"ನಾನು ಬಿಡಲಿಲ್ಲ, ಅವರೇ ಬಿಡಿಸಿದರು" ಎಂದು ಬರೆದೆ. ಸುಳ್ಳು ಹೇಳುವ ಅಭ್ಯಾಸವಿಲ್ಲ.

"ಬಾ ತಂಗಿ" ಎಂದು ಉತ್ತರ ಬಂತು.

ತಂಗಿ! ತಿದ್ದಬೇಕೆಂದು ಬೆರಳು ಎತ್ತಿದೆ. ಆದರೆ ಅಷ್ಟು ಪ್ರೀತಿಯಿಂದ ಕರೆದವರನ್ನು ತಿದ್ದುವುದು ಹೇಗೆ? ಇಳಿಸಿದೆ. "ಧನ್ಯವಾದಗಳು, ಅಣ್ಣಾ" ಎಂದು ಬರೆದೆ. ಅಂದಿನಿಂದ ನಾನು ಸಂಜೀವಿನಿ ತಂಗಿ, ಅವರು ಉಕ್ಕಿನಸೂಜಿ ಅಣ್ಣ.

ಏನು ಯುದ್ಧತಂತ್ರ ಅಣ್ಣನದು! "ಎಡಗಡೆ ಸಡಿಲ ಬಿಟ್ಟಿದೀರ, ಬಿಗಿ ಮಾಡಿ", "ಅಳತೆ ನೋಡದೆ ನುಗ್ಗಬೇಡಿ", "ಅಂಚು ಬಿಚ್ಕೊಳ್ತಾ ಇದೆ, ಮಡಚಿ, ಮಡಚಿ!" ಎಂದು ಆಜ್ಞೆಗಳು ಹಾರಿಬರುತ್ತಿದ್ದವು. ಎಂಥ ದಂಡಿನಲ್ಲಿ ಪಳಗಿದ ಭಾಷೆಯೋ ಎಂದು ನಾನು ಬೆರಗಾಗುತ್ತಿದ್ದೆ. ಯುದ್ಧ ಮುಗಿದ ಮೇಲೆ ನಾಲ್ಕು ಮಾತು ಸುಖದುಃಖವೂ ಇರುತ್ತಿತ್ತು.

"ನಮ್ಮ ಮೇಲ್ಗಡೆ ಮನೇಲಿ ಒಬ್ಬ ಮಹಾನುಭಾವ ಇದ್ದಾನೆ ತಂಗಿ. ನಾನು ಕೆಲಸ ಶುರು ಮಾಡಿದ್ರೆ ಸಾಕು, ಕೋಲು ತಗೊಂಡು ನೆಲ ಕುಟ್ತಾನೆ."

"ಛೆ, ಛೆ! ಎಂಥ ಸಂಸ್ಕಾರಹೀನ! ನಮ್ಮ ಕೆಳಗಿನ ಮನೆಯದೂ ಇದೇ ಗೋಳು, ಅಣ್ಣಾ. ದಿನವಿಡೀ ಗಡಗಡ ಸದ್ದು. ನೆರೆಹೊರೆಯ ವಿಷಯದಲ್ಲಿ ನಾವಿಬ್ಬರೂ ಪುಣ್ಯ ಮಾಡಿಲ್ಲ."

ಈ ಕೆಳಗಿನ ಮನೆಯ ವಿಷಯವನ್ನು ಹೇಳಲೇಬೇಕು. ಅಲ್ಲಿ ಒಬ್ಬ ಟೈಲರಮ್ಮ ಇದ್ದಾರೆ. ಮನೆಯಲ್ಲೇ ಹೊಲಿಗೆ. ಮೊದಲು ನನ್ನ ಹೆಂಡತಿಗೂ ಅವರಿಗೂ ಬಲು ಸ್ನೇಹ. ಮಧ್ಯಾಹ್ನವಾದರೆ ಇವಳು ಕೆಳಗಿಳಿಯುವುದು, ಇಲ್ಲವೇ ಅವರು ಮೇಲೆ ಬರುವುದು. ಎರಡು ಲೋಟ ಕಾಫಿ, ನಡುವೆ ಮುಗಿಯದ ನಗು. ನಾನು ನಿವೃತ್ತನಾಗಿ ಮನೆಯಲ್ಲಿ ಕುಳಿತ ಮೇಲೆ ಆ ಹೊಲಿಗೆ ಯಂತ್ರದ ಸದ್ದು ನನ್ನ ಕಿವಿಗೆ ಬಿತ್ತು. ಸದ್ದು ಹೊಸದಲ್ಲ, ಕಿವಿ ಮನೆಯಲ್ಲಿದ್ದದ್ದು ಹೊಸದು. ಕಟ್ಟಡದ ಸಂಘದ ಸಭೆಯಲ್ಲಿ ಎದ್ದು ನಿಂತು ಶಬ್ದಮಾಲಿನ್ಯದ ಬಗ್ಗೆ ಪಾಠ ಮಾಡಿದೆ. ಟೈಲರಮ್ಮ ಒಂದು ಮಾತೂ ಆಡದೆ ಎದ್ದುಹೋದರು. ಮರುದಿನದಿಂದ ಮೇಲೆ ಬರಲಿಲ್ಲ. ಇವಳು ಯಾವ ಮುಖ ಹೊತ್ತು ಕೆಳಗೆ ಹೋಗುವುದು? ಹೋಗಲಿಲ್ಲ. ಅಷ್ಟಕ್ಕೆ ಬಿಟ್ಟೆನೇ ನಾನು? ಸದ್ದು ಬಟ್ಟೆ ಒಗೆಯುವ ಜಾಗದ ನೀರಿನ ತೂಬಿನ ಮೂಲಕ ಮೇಲೇರಿ ಬರುತ್ತದೆಂದು ಸಂಶೋಧನೆ ಮಾಡಿ, ಕೈಗೆ ಸಿಕ್ಕ ಪ್ಯಾಂಟೊಂದನ್ನು ಸುತ್ತಿ ಆ ತೂಬಿಗೆ ತುರುಕಿಬಿಟ್ಟೆ. ವೈಜ್ಞಾನಿಕ ಪರಿಹಾರ! ನೀರು ನಿಧಾನವಾಗಿಯಾದರೂ ಸೋರಿಹೋಗುತ್ತಿದ್ದುದರಿಂದ ಹೆಂಡತಿಗೆ ತಿಳಿಯಲಿಲ್ಲ, ನಾನೂ ಹೇಳಲಿಲ್ಲ. ಎಲ್ಲ ಸಂಶೋಧನೆಗಳನ್ನೂ ಪ್ರಕಟಿಸಲಾಗದು.

ಈಚೆಗೆ ಇನ್ನೊಂದು ಸೋಜಿಗ ನಡೆಯುತ್ತಿತ್ತು. ಸಂಜೆ ನನ್ನ ಯುದ್ಧ ಶುರುವಾಗುವ ಹೊತ್ತಿಗೆ ಸರಿಯಾಗಿ ಕೆಳಗಿನ ಯಂತ್ರ ತಾನಾಗಿಯೇ ನಿಲ್ಲುತ್ತಿತ್ತು. ನನ್ನ ಅದೃಷ್ಟವೆಂದುಕೊಂಡೆ.

ಇಲ್ಲಿಯವರೆಗೂ ಸಮತೋಲನ ಚೆನ್ನಾಗಿಯೇ ಇತ್ತು. ಕೆಡಿಸಿದವನು ನಾನು. ಒಂದು ವಾರ ನಮ್ಮ ಪಡೆ ಸತತವಾಗಿ ಗೆದ್ದು ಮೇಲಿನ ದರ್ಜೆಗೆ ಏರಿತು. ಅಷ್ಟೇ! ನನ್ನೊಳಗಿನ ಹೆಡ್‌ಮಾಸ್ತರ್ ಎದ್ದು ಕುಳಿತ. "ಮೊದಲ ಸ್ಥಾನ ಏಕೆ ಬೇಡ? ಶ್ರಮಿಸಿದರೆ ಸಾಧ್ಯ!" ಎಂದು ಹುರಿದುಂಬಿಸಿದೆ. ಪಡೆಯಲ್ಲಿ 'ಕರಡಿ' ಎಂಬ ಹೆಸರಿನ ಕೊಡಲಿಯವನೊಬ್ಬನಿದ್ದ, ಪಾಪ, ಹಸುವಿನಂಥವನು. ಅವನು ಮಗುವನ್ನು ಮಲಗಿಸಲು ಎದ್ದುಹೋದದ್ದಕ್ಕೆ, "ಕರ್ತವ್ಯಲೋಪ!" ಎಂದು ಬರೆದೆ.

ಅಣ್ಣ ಎಚ್ಚರಿಸಿದರು: "ತಂಗಿ, ಇಷ್ಟು ಬಿಗಿ ಹಿಡೀಬೇಡ. ನಾವೇನು ಸಂಬಳಕ್ಕೆ ಆಡ್ತಿದೀವಾ? ನಿನಗೆ ಮನೇಲಿ ಯಾರೂ ಕರೆಯೋರಿಲ್ವಾ?"

ಕರೆಯುವವರಿದ್ದರು. "ರೀ, ಊಟ ಆರ್ತಾ ಇದೆ", "ರೀ, ಯಾರೋ ಬಂದಿದಾರೆ", "ರೀ, ನಾನು ಈ ಗೋಡೆ ಹತ್ರ ಮಾತಾಡ್ತಿಲ್ಲ" ಎಂಬ ಕರೆಗಳು ಬರುತ್ತಲೇ ಇದ್ದವು. ಒಂದು ಮಧ್ಯಾಹ್ನ ಅಡುಗೆಮನೆಗೆ ಹೋದಾಗ ಕಂಡೆ: ಕಟ್ಟೆಯ ಮೇಲೆ ಎರಡು ಲೋಟಗಳಿದ್ದವು. ಒಂದರಲ್ಲಿ ಕಾಫಿ, ಇನ್ನೊಂದು ಖಾಲಿ. "ನನಗಾ?" ಎಂದೆ. "ನೀವು ಈ ಹೊತ್ತಲ್ಲಿ ಕುಡಿಯಲ್ಲವಲ್ಲ. ಕೈ ಅಭ್ಯಾಸ, ಎರಡು ತೆಗೀತು" ಎಂದು ಅದನ್ನು ಮತ್ತೆ ಒಳಗಿಟ್ಟಳು. ಏನೋ ಚುಚ್ಚಿದ ಹಾಗಾಯಿತು. ಆದರೆ ಅಷ್ಟರಲ್ಲಿ ಕಹಳೆ ಊದಿತು.

ಆ ಶನಿವಾರ ಬಂತು. ಮೇಲಿನ ದರ್ಜೆಯಲ್ಲಿ ಉಳಿಯುತ್ತೇವೋ ಉರುಳುತ್ತೇವೋ ತೀರ್ಮಾನವಾಗುವ ಯುದ್ಧ. ಎದುರಾಳಿ ಯಾರು? ಅದೇ ವಜ್ರಮುಷ್ಟಿ! ನನ್ನನ್ನು ಹೊರಗೆ ಹಾಕಿದವರು! ನಾನು ಮಧ್ಯಾಹ್ನದಿಂದಲೇ ಬೆರಳುಗಳಿಗೆ ವ್ಯಾಯಾಮ ಮಾಡಿಸುತ್ತಿದ್ದೆ.

ಹೆಂಡತಿ ಬಂದು ಎದುರಿಗೆ ನಿಂತಳು. ಹೊರಗೆ ಹೊರಡುವ ಚೀಲ ಕೈಯಲ್ಲಿತ್ತು.

"ನೋಡಿ, ನನಗೆ ಸಾಕಾಗಿದೆ. ಬೇಕರಿಗೆ ಹೋಗಿ ಕೇಕ್ ತರ್ತೀನಿ. ಇವತ್ತು ಸಂಜೆ ಇಬ್ರೂ ಕೆಳಗಡೆ ಮನೆಗೆ ಹೋಗೋಣ. ನೀವು ಅವಳ ಹತ್ರ ತಪ್ಪಾಯ್ತು ಅನ್ಬೇಕು."

"ನಾನಾ? ತಪ್ಪಾ?"

"ನೀವು. ತಪ್ಪು. ಎರಡೂ ಸೇರಿಸಿ ಒಂದು ವಾಕ್ಯ ಮಾಡಿ ಇಟ್ಕೊಂಡಿರಿ."

"ಆಯ್ತು ಮಾರಾಯ್ತಿ. ಯುದ್ಧ ಮುಗೀಲಿ."

"ಇನ್ನೊಂದು. ಕಿಟಕಿ ಪರದೆಗಳನ್ನ ಟಬ್ಬಲ್ಲಿ ನೆನೆಹಾಕಿ ನಲ್ಲಿ ಬಿಟ್ಟಿದೀನಿ, ಸಣ್ಣಗೆ ಬರ್ತಾ ಇದೆ. ತುಂಬಿದ ಮೇಲೆ ನಿಲ್ಲಿಸಿ. ಇದೊಂದೇ ಕೆಲಸ. ಏನು ಹೇಳಿದೆ?"

"ನಲ್ಲಿ."

"ನಲ್ಲಿ ಏನು?"

"ನಿಲ್ಲಿಸಬೇಕು."

"ಯಾವಾಗ?"

"ಟಬ್ ತುಂಬಿದ ಮೇಲೆ. ಏನೇ, ನನಗೇ ಮೌಖಿಕ ಪರೀಕ್ಷೆ ಮಾಡ್ತೀಯಾ?"

"ಪಾಸಾದ್ರೆ ಸಾಕು" ಎಂದು ಹೊರಟಳು. ಬಾಗಿಲು ಮುಚ್ಚಿದ ಮರುಕ್ಷಣವೇ ಕಹಳೆ.

ಆಹಾ, ಅದೆಂಥ ಸಮರ! ವಜ್ರಮುಷ್ಟಿಯವರು ಕರಿಮೋಡದಂತೆ ಕವಿದು ಬಂದರು. ಅಣ್ಣ ಕೋಟೆಯ ಬಾಗಿಲಲ್ಲಿ ಕತ್ತಿ ಹಿಡಿದು ನಿಂತರು. ನಾನು ಅಣ್ಣನ ಬೆನ್ನ ಹಿಂದೆ ಜಡೆ ಬೀಸುತ್ತ ಮದ್ದಿನ ಮಳೆ ಸುರಿಸಿದೆ. ನಲ್ಲಿಯ ನೆನಪು ನಡುವೆ ಒಮ್ಮೆ ಬಂತು. ಇಲ್ಲವೆನ್ನಲಾರೆ. "ಸಣ್ಣಗೆ ಬರ್ತಿದೆಯಲ್ಲ, ಇರಲಿ" ಎಂದಿತು ಮನಸ್ಸು. ಸ್ವಲ್ಪ ಹೊತ್ತಿನ ಮೇಲೆ ಅಂಗಾಲು ತಣ್ಣಗಾಯಿತು. ವೀರರಸ ಉಕ್ಕಿದಾಗ ಹೀಗೆಯೇ ಆಗುತ್ತದೆಂದು ಬಗೆದು ಕಾಲುಗಳನ್ನು ಕುರ್ಚಿಯ ಮೇಲೆ ಮಡಚಿಕೊಂಡೆ.

ಆಗಲೇ ಅಣ್ಣನ ಸಂದೇಶ ಬಂತು: "ತಲೆ ಮೇಲೆ ನೀರು ಬೀಳ್ತಿದೆ!"

"ಶತ್ರುಗಳು ಜಲಾಸ್ತ್ರ ಬಿಟ್ಟರೇ?" ಎಂದು ಕೇಳಿದೆ.

"ಅಸ್ತ್ರ ಅಲ್ಲ ತಂಗಿ, ನಿಜವಾದ ನೀರು! ಸೀಲಿಂಗಿಂದ! ಮೇಲ್ಗಡೆ ಮನೆಯವನು ನಲ್ಲಿ ಬಿಟ್ಕೊಂಡು ಕೂತಿದಾನೆ. ನಾಳೆ ಕೊಡೋ ಬಟ್ಟೆಯೆಲ್ಲ ಇಲ್ಲೇ ಇದೆ!"

ನನ್ನ ರಕ್ತ ಕುದಿಯಿತು. ಯುದ್ಧದ ನಿರ್ಣಾಯಕ ಘಟ್ಟ, ಸೇನಾಪತಿಯ ತಲೆಯ ಮೇಲೆ ಬಚ್ಚಲ ನೀರು! ಮದ್ದು ಕೊಡುವುದನ್ನೂ ನಿಲ್ಲಿಸಿ ಬರೆದೆ: "ಎಂಥ ಬೇಜವಾಬ್ದಾರಿ ಮನುಷ್ಯ! ಅಂಥವನನ್ನು ಸುಮ್ಮನೆ ಬಿಡಬಾರದು, ಅಣ್ಣಾ!"

"ಕಿವಿ ಹಿಂಡಿ!" ಎಂದ ಕರಡಿ.

"ಕಿವಿ ಹಿಂಡಿದರೆ ಸಾಲದು" ಎಂದು ಬರೆದೆ, ನನ್ನ ವೃತ್ತಿಯ ಅನುಭವವನ್ನೆಲ್ಲ ಧಾರೆಯೆರೆದು. "ಬೆಂಚಿನ ಮೇಲೆ ನಿಲ್ಲಿಸಬೇಕು! ಹೋಗಿ ಅಣ್ಣಾ, ಬಾಗಿಲು ಬಡಿಯಿರಿ! ತೆರೆಯದಿದ್ದರೆ ಒಡೆಯಿರಿ! ಕೋಟೆಯನ್ನು ನಾನು ನೋಡಿಕೊಳ್ಳುತ್ತೇನೆ!"

"ಹೊರಟೆ" ಎಂದು ಬಂತು. ಪರದೆಯ ಮೇಲೆ ಅಣ್ಣನ ಗೊಂಬೆ ಕತ್ತಿ ಇಳಿಬಿಟ್ಟು ಕಲ್ಲಿನಂತೆ ನಿಂತುಬಿಟ್ಟಿತು.

ಧಡ್ ಧಡ್ ಧಡ್!

ಬಾಗಿಲು. ನಮ್ಮ ಮನೆಯ ಬಾಗಿಲು.

"ಈ ಹೊತ್ತಿನಲ್ಲೇ ಬರಬೇಕೇ ಜನ?" ಎಂದು ಗೊಣಗುತ್ತ ಕಾಲು ಕೆಳಗಿಟ್ಟೆ. ಚಳಕ್ ಎಂದಿತು. ನೋಡುತ್ತೇನೆ: ನನ್ನ ಚಪ್ಪಲಿಗಳು ಜೋಡಿ ದೋಣಿಗಳಂತೆ ಸೋಫಾದ ಕಡೆಗೆ ತೇಲಿಕೊಂಡು ಹೋಗುತ್ತಿವೆ!

ಬಾಗಿಲು ತೆರೆದರೆ ಟೈಲರಮ್ಮ. ಕೊರಳಲ್ಲಿ ಅಳತೆ ಟೇಪು, ತೋಳಿನ ಮೇಲೆ ಗುಂಡುಸೂಜಿಗಳ ಸಾಲು, ಕೂದಲಿನಿಂದ ತೊಟತೊಟ ನೀರು.

"ಮೇಷ್ಟ್ರೇ, ನಲ್ಲಿ!"

"ನೋಡಿ ತಾಯಿ, ಮಾತಾಡೋಕೆ ಒಂದು ರೀತಿ..."

"ರೀತಿ ಆಮೇಲೆ! ಜರುಗಿ!"

ನನ್ನನ್ನು ಪಕ್ಕಕ್ಕೆ ಸರಿಸಿ, ನೀರು ತುಳಿಯುತ್ತ, ನೆಟ್ಟಗೆ ಬಟ್ಟೆ ಒಗೆಯುವ ಜಾಗಕ್ಕೆ ಹೋದರು. ಟಬ್ಬಿನಿಂದ ನೀರು ಜಲಪಾತವಾಗಿ ಇಳಿಯುತ್ತಿತ್ತು. ನಲ್ಲಿ ನಿಲ್ಲಿಸಿದರು. ಬಗ್ಗಿ ತೂಬಿಗೆ ಕೈ ಹಾಕಿದರು. ಎಳೆದರು, ಎಳೆದರು, ಕೊನೆಗೆ ಗಳಕ್ಕನೆ ಒಂದು ಉದ್ದನೆಯ ವಸ್ತು ಹೊರಗೆ ಬಂತು. ನೀರೆಲ್ಲ ಗುಳುಗುಳು ಎಂದು ನಗುತ್ತ ಇಳಿದುಹೋಯಿತು.

ಟೈಲರಮ್ಮ ಆ ವಸ್ತುವನ್ನು ಎರಡು ಕೈಯಲ್ಲೂ ಹಿಡಿದು, ಬೆಳಕಿಗೆ ಬಿಡಿಸಿ ನೋಡಿದರು. ಸೊಂಟದ ಪಟ್ಟಿಯನ್ನು ತಿರುಗಿಸಿ ಹೊಲಿಗೆ ನೋಡಿದರು.

"ಇದು ನಾನು ಹೊಲಿದುಕೊಟ್ಟ ಪ್ಯಾಂಟು."

ನಾನು ಸೀಲಿಂಗ್ ನೋಡಿದೆ. ನಮ್ಮ ಸೀಲಿಂಗ್ ಒಣಗಿತ್ತು.

"ನಿಮ್ಮ ನಿವೃತ್ತಿ ಸಮಾರಂಭಕ್ಕೆ ಬೇಕು ಅಂತ ನಿಮ್ಮನೆ ಅಕ್ಕ ಹೇಳಿದ್ಲು, ಅದಕ್ಕೇ ಹೊಲಿದದ್ದು. ಒಳ್ಳೇ ಬಟ್ಟೆ. ತೂಬಿಗೆ ಯಾಕೆ ತುರುಕಿದ್ರಿ?"

"ಅದು... ಸದ್ದು... ಕೆಳಗಿಂದ..."

ಅಂದು ಸಭೆಯಿಂದ ಎದ್ದುಹೋದಾಗ ಇದ್ದ ಮುಖವೇ ಅವರಿಗೆ ಮತ್ತೆ ಬಂತು. ಬೈದಿದ್ದರೆ ನಾನೂ ನಾಲ್ಕು ಮಾತು ಜೋಡಿಸುತ್ತಿದ್ದೆ. ಪ್ಯಾಂಟನ್ನು ಹಿಂಡಿ, ಕೊಡವಿ, ನೀಟಾಗಿ ಮಡಚಿ ಟಬ್ಬಿನ ಅಂಚಿಗೆ ಹಾಕಿ ಹೊರಟರು. ಕೇಕ್ ತರಲು ಹೋದ ನನ್ನ ಹೆಂಡತಿಯ ನೆನಪಾಗಿ ನನಗೆ ಅಳುವೇ ಬಂತು. ಇನ್ನು ಆ ಎರಡನೆಯ ಲೋಟ ಒಳಗೇ ಉಳಿಯಿತೆಂದುಕೊಂಡೆ.

ಟೈಲರಮ್ಮ ನಡುಮನೆಯನ್ನು ದಾಟುತ್ತಿದ್ದವರು ಮೇಜಿನ ಬಳಿ ಗಕ್ಕನೆ ನಿಂತರು. ಟ್ಯಾಬಿನಲ್ಲಿ ಯುದ್ಧ ನಡೆದೇ ಇತ್ತು. ಕೋಟೆಯ ಬಾಗಿಲಲ್ಲಿ ಕತ್ತಿ ಇಳಿಬಿಟ್ಟ ಗೊಂಬೆ. ವಜ್ರಮುಷ್ಟಿಯವರು ಸರದಿಯ ಮೇಲೆ ಬಂದು ಅದನ್ನು ಬಡಿಯುತ್ತಿದ್ದರು.

"ಇದು... ನಾನಲ್ವಾ?" ಎಂದರು ಟೈಲರಮ್ಮ.

"ಇಲ್ಲಮ್ಮ, ಅವರು ನಮ್ಮ ಸೇನಾಪತಿಗಳು. ನಿವೃತ್ತ ಸೈನಿಕರು. ಪಾಪ, ಅವರ ಮೇಲ್ಗಡೆ ಮನೆಯವನು ಯಾರೋ..."

ನನ್ನ ವಾಕ್ಯ ಅಲ್ಲಿಗೇ ನಿಂತುಹೋಯಿತು. ಎಷ್ಟು ಸಾವಿರ ವಾಕ್ಯಗಳಿಗೆ ಕರ್ತೃ, ಕರ್ಮ, ಕ್ರಿಯಾಪದ ಹುಡುಕಿಕೊಟ್ಟವನು ನಾನು! ಈ ಒಂದು ವಾಕ್ಯದಲ್ಲಿ ಕರ್ತೃ ನಾನೇ ಎಂದು ಹೊಳೆಯಲು ಇಷ್ಟು ಹೊತ್ತು ಬೇಕಾಯಿತು.

ಅವರು ಪರದೆಯ ಮೇಲಿನ ಜಡೆಯ ಗೊಂಬೆಯನ್ನು ನೋಡಿದರು. ನನ್ನ ಬೋಳುತಲೆಯನ್ನು ನೋಡಿದರು. ಮತ್ತೆ ಜಡೆಯನ್ನು ನೋಡಿದರು.

"ಸಂಜೀವಿನಿ... ತಂಗಿ?"

"ಉಕ್ಕಿನಸೂಜಿ... ಅಣ್ಣಾ?"

ಅಷ್ಟರಲ್ಲಿ ಟ್ಯಾಬಿನಲ್ಲಿ ಟಿಂಗ್ ಎಂದು ಕರಡಿಯ ಸಂದೇಶ ಬಂತು: "ಸಂಜೀವಿನಿ, ಅಣ್ಣ ಆ ಬೇಜವಾಬ್ದಾರಿ ಮನುಷ್ಯನ್ನ ಹಿಡಿದ್ರಾ?"

ಟೈಲರಮ್ಮನ ತುಟಿ ಅದುರಿತು. ಕೋಪವೆಂದುಕೊಂಡೆ. ಅಲ್ಲ. ಒದ್ದೆ ಬೆರಳಿನಿಂದ ನನ್ನ ಟ್ಯಾಬಿನಲ್ಲೇ ಉತ್ತರ ಬರೆದರು: "ಹಿಡಿದ್ರು. ಬೆಂಚಿನ ಮೇಲೆ ನಿಲ್ಲಿಸೋಕೆ ಕರ್ಕೊಂಡು ಹೋಗ್ತಿದಾರೆ."

ಬರೆದವರೇ ಮೇಜು ಹಿಡಿದುಕೊಂಡು ನಗತೊಡಗಿದರು. ತೋಳಿನ ಗುಂಡುಸೂಜಿಗಳು ಉದುರಿದವು. ಅಳತೆ ಟೇಪು ಜಾರಿತು. "ಅಯ್ಯೋ ಮೇಷ್ಟ್ರೇ! ನಾನು ನಿಮ್ಮನ್ನ ಯಾರೋ ಒಂಟಿ ಹುಡುಗಿ ಅಂದ್ಕೊಂಡಿದ್ನಲ್ರೀ! ಮಾತಾಡೋರಿಲ್ಲದೆ ಇಷ್ಟುದ್ದ ಬರೀತಾಳೆ ಪಾಪ, ಯಾರು ಬೇಡ ಅಂದ್ರೂ ಸರಿ, ಇರಲಿ ಅಂತ ಸೇರಿಸ್ಕೊಂಡೆ!"

ನನ್ನ ಚಿಕಿತ್ಸಾ ನೈಪುಣ್ಯ ಕಂಡು ಸೇರಿಸಿಕೊಂಡರೆಂದು ನಾನು ಅಲ್ಲಿಯವರೆಗೂ ನಂಬಿದ್ದೆ.

"ತಪ್ಪಾಯ್ತಮ್ಮ" ಎಂದೆ. ಹೆಂಡತಿ ಹೇಳಿಕೊಟ್ಟ ವಾಕ್ಯ ಇಷ್ಟು ಉದ್ದವಿರಲಿಲ್ಲವೇನೋ, ಆದರೆ ನನ್ನ ಬಾಯಿ ನಿಲ್ಲಲಿಲ್ಲ. "ಪ್ಯಾಂಟಿಂದು ತಪ್ಪು, ಸಭೇದು ತಪ್ಪು, ಕೋಲಿಂದ ಕುಟ್ಟಿದ್ದು ತಪ್ಪು. ನಿಮ್ಮಿಬ್ಬರ ಕಾಫಿ ನಿಲ್ಲಿಸಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು."

ಬಾಗಿಲಲ್ಲಿ ಕೇಕಿನ ಡಬ್ಬಿ ಹಿಡಿದು ನನ್ನ ಹೆಂಡತಿ ನಿಂತಿದ್ದಳು. ನೆಲ ನೋಡಿದಳು, ತೇಲಿಹೋಗಿ ಸೋಫಾದಡಿ ಸಿಕ್ಕಿಕೊಂಡ ಚಪ್ಪಲಿ ನೋಡಿದಳು, ಒದ್ದೆಯಾಗಿ ನಗುತ್ತಿದ್ದ ಗೆಳತಿಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಅಂತೂ ಮಾತಾಡಿಸಿದ್ರಲ್ಲ!" ಎಂದಳು. "ಇಷ್ಟು ನೀರು ಖರ್ಚು ಮಾಡಬೇಕಿತ್ತಾ?"

ಕೋಟೆ ಆ ಹೊತ್ತಿಗೆ ಬಿದ್ದಿತ್ತು. ಯಾರೂ ನೋಡಲಿಲ್ಲ.

ಅಂದು ಸಂಜೆ ಕೆಳಗಿನ ಮನೆಯಲ್ಲಿ ನಾನು ಬೆಂಚಿನ ಮೇಲೆ ನಿಂತೆ. ಟೈಲರಮ್ಮನ ಬಟ್ಟೆ ಕತ್ತರಿಸುವ ಬೆಂಚು. ಮೇಲೆ ನಿಂತು ಸೀಲಿಂಗ್ ಒರೆಸಿದೆ; ಇಳಿದು, ನೆನೆದ ಬಟ್ಟೆಗಳನ್ನು ಒಂದೊಂದಾಗಿ ಇಸ್ತ್ರಿ ಮಾಡಿ ಒಣಗಿಸಿದೆ. ಪುಣ್ಯಕ್ಕೆ ಯಾವುದೂ ಕೆಟ್ಟಿರಲಿಲ್ಲ. ಹೆಂಗಸರಿಬ್ಬರೂ ಕೇಕ್ ತಿನ್ನುತ್ತ, "ಕಾಲರಿಗೆ ಹುಷಾರು!", "ಅಲ್ಲೊಂದು ಹನಿ ಇದೆ ನೋಡಿ!" ಎಂದು ಆಜ್ಞೆ ಕೊಡುತ್ತಿದ್ದರು. ನಡುವೆ ಎರಡು ಲೋಟ ಕಾಫಿಯಿತ್ತು. ಮೂರನೆಯದನ್ನು ನಾನು ಕೇಳುವ ಧೈರ್ಯ ಮಾಡಲಿಲ್ಲ.

ಈಗ ತೂಬು ತೆರೆದಿದೆ. ಹೊಲಿಗೆ ಯಂತ್ರದ ಸದ್ದು ಸರಾಗವಾಗಿ ಮೇಲೆ ಬರುತ್ತದೆ. ಸಂಜೆ ಅದು ನಿಂತರೆ ಯುದ್ಧ ಶುರುವಾಯಿತೆಂದು ಅರ್ಥ. ಸಂಜೀವಿನಿ ರಣರಂಗಕ್ಕೆ ಇಳಿಯುತ್ತಾಳೆ. ಆಡಿಸುವವಳು ಮಾತ್ರ ನನ್ನ ಹೆಂಡತಿ! ಒಂದು ದಿನ ಕುತೂಹಲಕ್ಕೆ ಟ್ಯಾಬ್ ತೆಗೆದುಕೊಂಡವಳು ತಿರುಗಿ ಕೊಡಲೇ ಇಲ್ಲ. ಅವಳು ಮೊದಲು ಆಸ್ಪತ್ರೆಯೊಂದರ ಟೆಲಿಫೋನ್ ವಿಭಾಗದಲ್ಲಿ ಆಂಬುಲೆನ್ಸಿನ ತುರ್ತು ಕರೆಗಳನ್ನು ನೋಡಿಕೊಳ್ಳುತ್ತಿದ್ದವಳು.

"ಕಿರುಚೋರು ಬದುಕಿರ್ತಾರೆ ಕಣ್ರೀ" ಎಂದು ನನಗೆ ಪಾಠ ಹೇಳಿದಳು. "ಸುಮ್ಮನಾದೋರನ್ನ ಮೊದಲು ನೋಡ್ಬೇಕು. ನೀವು ಅಣ್ಣನೊಬ್ಬರಿಗೇ ಮದ್ದು ಸುರೀತಾ ಕೂತಿದ್ರಿ."

ಮೊನ್ನೆ ಸಂಜೆ ಪಡೆ ಮತ್ತೆ ಮೇಲಿನ ದರ್ಜೆಗೆ ಏರಿತು. ನಾನು ಹೆಂಡತಿಯ ಹೆಗಲ ಮೇಲಿಂದ ಇಣುಕಿ ನೋಡಿದೆ. ಕರಡಿ ಬರೆದಿದ್ದ: "ಸಂಜೀವಿನಿ, ಏನಾಯ್ತು ನಿನಗೆ? ಆಟ ಎಷ್ಟು ಸುಧಾರಿಸಿದೆ! ಉಪದೇಶ ಇಲ್ಲ, ಬೈಗುಳ ಇಲ್ಲ, ನಾನು ಮಗು ಮಲಗಿಸಿ ಬರೋವರೆಗೂ ಕಾದೆ ಬೇರೆ!"

ಹೆಂಡತಿ ಉತ್ತರ ಬರೆಯುವ ಮೊದಲೇ ಕೆಳಗಿನ ಮನೆಯಿಂದ ಸೇನಾಪತಿಯ ಸಂದೇಶ ಬಂತು:

"ಅವಳ ತಪ್ಪಿಲ್ಲ ಕರಡಿ. ಇಷ್ಟು ದಿನ ಅವಳ ಮೈಮೇಲೆ ಒಬ್ರು ಮೇಷ್ಟ್ರು ಬರ್ತಿದ್ರು. ಈಗ ಬಿಟ್ಟು ಹೋಗಿದಾರೆ."

ಪ್ರತಿಭಟಿಸೋಣವೆಂದು ಬಾಯಿ ತೆರೆದೆ.

"ರೀ," ಎಂದಳು ಹೆಂಡತಿ, ಕಣ್ಣು ಪರದೆಯ ಮೇಲೆಯೇ ಇಟ್ಟು, "ಟಬ್ ತುಂಬಿರ್ಬೇಕು."

ಓಡಿದೆ.